ಮೊದಲು ಬಣ್ಣ, ಆಮೇಲೆ ಬಾಯಿ

ಕಪ್ಪು ಹಲ್ಲಿನವರು ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಅದು ಲೋಕರೂಢಿ. ಈ ತಂಗಿಯ ದಾರಿಯೇ ಬೇರೆ. ಊರಿನವರ ಮುಂದೆ ಅವಳು ತುಟಿ ಬಿಗಿಹಿಡಿದು ಕಣ್ಣಲ್ಲಷ್ಟೇ ನಗುವವಳು. ಗಂಡನಿಗೇ ಹಲ್ಲಿನ ವಿಷಯ ಗೊತ್ತಾದದ್ದು ಮದುವೆಯಾದ ಮೂರನೆಯ ವಾರ, ಅದೂ ಅವಳು ಮೈಮರೆತು ಆಕಳಿಸಿದಾಗ. ಆದರೆ ಅಕ್ಕನನ್ನು ಕಂಡರೆ ಮಾತ್ರ ಹಲ್ಲು ಕಿರಿದು, ಆ ಕಪ್ಪು ಹಲ್ಲು ಚೆನ್ನಾಗಿ ಕಾಣುವ ಹಾಗೆ ನಗುತ್ತಿದ್ದಳು. ಯಾಕೆಂದರೆ ಅದು ಅವಳ ಹಕ್ಕುಪತ್ರ. ಅದನ್ನು ತೋರಿಸಿ ಕೇಳಿದ್ದನ್ನು ಅಕ್ಕ ಇಲ್ಲ ಅಂದದ್ದೇ ಇಲ್ಲ.

ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳಲ್ಲಿ ಬಲಗಡೆಯದು ಅದು. ತಂಗಿಗೆ ಆಗ ಎಂಟು ವರ್ಷ, ಅಕ್ಕನಿಗೆ ಹನ್ನೊಂದು. ಮಕ್ಕಳ ಮೈದಾನದಲ್ಲಿ ಒಂದು ಉದ್ದನೆಯ ಹಲಗೆ ಇತ್ತು. ಒಂದು ತುದಿ ಇಳಿದರೆ ಇನ್ನೊಂದು ಏಳುವಂಥದ್ದು, ಎರಡೂ ತುದಿಗೆ ಹಿಡಿದುಕೊಳ್ಳಲು ಕಬ್ಬಿಣದ ಹಿಡಿಕೆ. ತಂಗಿ ಮೇಲಿದ್ದಳು, ಅಕ್ಕ ಕೆಳಗೆ. ಅಕ್ಕನ ಚಪ್ಪಲಿ ಕಳಚಿ ದೂರ ಬಿತ್ತು. ಅದನ್ನು ಎತ್ತಿಕೊಳ್ಳಲು ಅವಳು ಹಿಂದೆ ಮುಂದೆ ನೋಡದೆ ಇಳಿದುಬಿಟ್ಟಳು. ಮೇಲಿದ್ದ ತುದಿ ಧೊಪ್ಪೆಂದು ಕೆಳಗೆ ಬಂತು, ತಂಗಿಯ ಬಾಯಿ ಹಿಡಿಕೆಗೆ ಬಡಿಯಿತು. ರಕ್ತ ಒರೆಸಿ ನೋಡಿದರೆ ಹಲ್ಲು ಇದ್ದಲ್ಲೇ ಇತ್ತು, ಪಕ್ಕದ ಹಲ್ಲಿನ ಮೂಲೆ ಮಾತ್ರ ಚೂರು ಹಾರಿತ್ತು. ಸದ್ಯ ಉಳೀತು ಅಂದರು ಎಲ್ಲರೂ. ಎಲ್ಲಿ ಉಳಿಯಿತು? ಒಳಗಿನ ಜೀವ ಅವತ್ತೇ ಹೋಗಿತ್ತು. ಆರು ತಿಂಗಳಿಗೆ ಹಲ್ಲು ಬೂದಿ ಬಣ್ಣಕ್ಕೆ ತಿರುಗಿತು, ಎರಡು ವರ್ಷಕ್ಕೆ ಗಟ್ಟಿ ಕಾಫಿಯ ಬಣ್ಣಕ್ಕೆ.

ಇಷ್ಟು ನೆಂಟರಿಷ್ಟರಿಗೆಲ್ಲ ಗೊತ್ತಿದ್ದ ಕಥೆ. ಗೊತ್ತಿಲ್ಲದ ಒಂದು ಸಂಗತಿ ತಂಗಿಯ ಹೊಟ್ಟೆಯೊಳಗೆ ನಲವತ್ತು ವರ್ಷದಿಂದ ಕೂತಿತ್ತು. ಅವತ್ತು ಅವಳು ಹಿಡಿಕೆ ಹಿಡಿದೇ ಇರಲಿಲ್ಲ. ಜಾರುಬಂಡೆಯ ಮೇಲಿದ್ದ ಮಕ್ಕಳಿಗೆ ತನ್ನ ಧೈರ್ಯ ತೋರಿಸಲು ಎರಡೂ ಕೈ ಅಗಲಿಸಿ ಹಕ್ಕಿಯಾಗಿದ್ದಳು. ಹಿಡಿದಿದ್ದರೆ ಕುಂಡಿಗೆ ಸ್ವಲ್ಪ ಪೆಟ್ಟಾಗುತ್ತಿತ್ತು, ಅಷ್ಟೆ. ಆ ಮೈದಾನದಲ್ಲಿ ದಿನಕ್ಕೆ ಹತ್ತು ಮಕ್ಕಳಿಗೆ ಹಾಗೆ ಪೆಟ್ಟಾಗಿ, ಹತ್ತೂ ಮಕ್ಕಳು ಎದ್ದು ಮತ್ತೆ ಆಡುತ್ತಿದ್ದವು. ಅಕ್ಕ ಚಪ್ಪಲಿಗೆ ಬಗ್ಗಿದ್ದರಿಂದ ಈ ಹಕ್ಕಿಯನ್ನು ನೋಡಲಿಲ್ಲ. ಅಮ್ಮ ಓಡಿ ಬಂದಾಗ ತಂಗಿ ರಕ್ತದ ಬಾಯಲ್ಲೇ ಬೆರಳು ಮಾಡಿ, "ಅಕ್ಕ ಇಳಿದುಬಿಟ್ಲು" ಅಂದಳು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಎಂಟು ವರ್ಷದ ಮಗು ಬೈಗುಳಕ್ಕೆ ಹೆದರಿ ಅರ್ಧ ನಿಜ ಹೇಳಿದರೆ ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಅದೇ ಅರ್ಧ ನಿಜವನ್ನು ನಲವತ್ತೆಂಟನೆಯ ವಯಸ್ಸಿನವರೆಗೂ ದುಡಿಸಿಕೊಂಡರೆ ಏನನ್ನಬೇಕು?

ದುಡಿಸಿಕೊಂಡದ್ದೂ ಸ್ವಲ್ಪವಲ್ಲ. ಕಿಟಕಿ ಪಕ್ಕದ ಹಾಸಿಗೆ ತಂಗಿಯದಾಯಿತು. ನೀಲಿ ಕೊಡೆ ತಂಗಿಯದಾಯಿತು. ಬಸ್ಸು ಹತ್ತಿದರೆ ಕಿಟಕಿ ಸೀಟು, ತಟ್ಟೆಯಲ್ಲಿ ಉಳಿದ ಕೊನೆಯ ತುಂಡು, ಎರಡು ವರ್ಷದ ಗಣಿತದ ಮನೆಗೆಲಸ, ಕೊನೆಗೆ ಅಮ್ಮನ ಹೊಲಿಗೆ ಯಂತ್ರ. ತಂಗಿಗೆ ಹೊಲಿಯಲು ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಬಾಯಿ ಬಿಟ್ಟು ಕೇಳಬೇಕಾಗಿಯೂ ಇರಲಿಲ್ಲ, ಬಾಯಿ ಬಿಟ್ಟರೆ ಸಾಕಿತ್ತು. ಅಕ್ಕ ಆ ಹಲ್ಲನ್ನು ಒಂದು ಕ್ಷಣ ನೋಡಿ, "ತಗೋ ಕಣೆ, ತಗೊಂಡು ಬಾಯಿ ಮುಚ್ಚು" ಅನ್ನುತ್ತಿದ್ದಳು.

ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಇಲ್ಲಿ ಅದು ತಪ್ಪಲಿಲ್ಲ. ಅಕ್ಕ ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಬಲಗೈ. ಅಲ್ಲಿಗೆ ಬರುವವರಿಗೆಲ್ಲ ಅವಳು "ಸಿಸ್ಟರ್". ಸಾವಿರಾರು ಜನರ ಮುರಿದ ಹಲ್ಲಿಗೆ ಟೊಪ್ಪಿಗೆ, ಕಲೆಯಾದ ಹಲ್ಲಿಗೆ ಉಗುರಿನಷ್ಟು ತೆಳ್ಳನೆಯ ಪಿಂಗಾಣಿ ಹೊದಿಕೆ ಕೂರಿಸಲು ಕೈಜೋಡಿಸಿದ ಆ ಸಿಸ್ಟರಿಗೆ ಸ್ವಂತ ತಂಗಿಯ ಹಲ್ಲು ಮಾತ್ರ ದಕ್ಕಿರಲಿಲ್ಲ. ಕರೆದಾಗಲೆಲ್ಲ ತಂಗಿ, "ನಂಗೆ ಸೂಜಿ ಅಂದ್ರೆ ಆಗಲ್ಲ ಅಂತ ಗೊತ್ತಲ್ಲ" ಅಂದು ಜಾರಿಕೊಳ್ಳುತ್ತಿದ್ದಳು. ಸೂಜಿಯ ಭಯ ಇದ್ದದ್ದು ನಿಜವೇ. ಆದರೆ ಹಕ್ಕುಪತ್ರವನ್ನು ಕೈಯಾರೆ ಹರಿದು ಹಾಕುವವರು ಯಾರು?

ತಂಗಿ ಇದಕ್ಕೆ ಬೆಲೆ ತೆರಬೇಕಾಗಿ ಬಂದದ್ದು ತನ್ನ ಕೆಲಸದಲ್ಲಿ. ಮಾರುಕಟ್ಟೆಯ ಬೀದಿಯಲ್ಲಿ ಎರಡು ಕೋಣೆಯ ಫೋಟೋ ಸ್ಟುಡಿಯೋ ಅವಳದು. ಮುಂದಿನ ಕೋಣೆಯಲ್ಲಿ ಮೇಜು, ಗೋಡೆ ತುಂಬ ಊರಿನವರ ನಗುಮುಖ. ಹಿಂದಿನ ಕೋಣೆಯಲ್ಲಿ ಬೂದು ಪರದೆ, ಎರಡು ದೀಪ, ಒಂದು ತಿರುಗುವ ಸ್ಟೂಲು. ದಿನಕ್ಕೆ ನಲವತ್ತು ಸಲ "ಸ್ವಲ್ಪ ನಗಿ" ಅನ್ನುವುದು ಅವಳ ಕಸುಬು. ಹಾಗೆ ಹೇಳುವವಳ ನಗು ಆ ಗೋಡೆಯ ಮೇಲೆ ಒಂದೂ ಇರಲಿಲ್ಲ. ಮದುವೆಯ ಫೋಟೋದಲ್ಲೂ ಅವಳು ಯಾರದೋ ಮೇಲೆ ದೂರು ಕೊಡಲು ಬಂದವಳ ಹಾಗೆ ನಿಂತಿದ್ದಾಳೆ.

ಒಂದು ಮಧ್ಯಾಹ್ನ ಲೆನ್ಸ್ ಒರೆಸುವ ಬಟ್ಟೆಯ ಹೊಸ ಪೊಟ್ಟಣವನ್ನು ಹಲ್ಲಿನಿಂದ ಹರಿಯಲು ಹೋದಳು. ಕಟ್ ಎಂದು ಸದ್ದಾಯಿತು. ಪೊಟ್ಟಣ ಹಾಗೇ ಇತ್ತು, ಹಲ್ಲು ಅರ್ಧ ಅಂಗೈಯಲ್ಲಿತ್ತು. ಅಂದಿನಿಂದ "ಸ್ವಲ್ಪ ಸೀದಾ ಕೂತ್ಕೊಳ್ಳಿ ಸರ್" ಅಂದರೆ ಮಾತಿಗಿಂತ ಮುಂಚೆ ಸೀಟಿ ಹೊರಡತೊಡಗಿತು. ಎರಡು ದಿನ ಗಿರಾಕಿಗಳು ಹೇಳದೆಯೇ ನಕ್ಕರು. ಮೂರನೆಯ ದಿನ ತಂಗಿ ಅಕ್ಕನಿಗೆ ಫೋನು ಮಾಡಿದಳು.

ಬೇರಿನ ಚಿಕಿತ್ಸೆ ಮುಗಿಯಲು ಎರಡು ವಾರ ಹಿಡಿಯಿತು. ಮುರಿದ ಹಲ್ಲಿಗೆ ಪೂರ್ತಿ ಟೊಪ್ಪಿಗೆ, ಮೂಲೆ ಹಾರಿದ ಪಕ್ಕದ್ದಕ್ಕೆ ಹೊದಿಕೆ ಎಂದು ತೀರ್ಮಾನವಾಯಿತು. ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, "ಇದು ತುಂಬ ಹಳೇ ಪೆಟ್ಟು. ಹೇಗಾಯ್ತು?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಂಗಿ ತುಟಿ ಮುಟ್ಟಿಕೊಂಡಳು. ಅಕ್ಕ ಮಾತ್ರ ಟ್ರೇ ಜೋಡಿಸುತ್ತಲೇ ಹಗುರವಾಗಿ, "ನಾನೇ ಡಾಕ್ಟ್ರೇ. ಆಟ ಆಡೋವಾಗ ಹಲಗೆಯಿಂದ ಇಳಿದುಬಿಟ್ಟೆ" ಅಂದಳು.

ಆ ರಾತ್ರಿಯಿಂದ ಅವಳನ್ನು ಒಂದೇ ಚಿಂತೆ ಕೊರೆಯಿತು, ಅದು ಸೂಜಿಯದಲ್ಲ. ಈ ಹಲ್ಲು ಸರಿಹೋದ ಮೇಲೆ ತನಗೂ ಅಕ್ಕನಿಗೂ ನಡುವೆ ಉಳಿಯುವುದೇನು? ಅಕ್ಕ ನಲವತ್ತು ವರ್ಷ ಕೊಟ್ಟದ್ದು ತಂಗಿಗೋ, ಆ ಹಲ್ಲಿಗೋ? ಹಲ್ಲಿಗೇ ಆಗಿದ್ದರೆ, ಆ ಹಲ್ಲೂ ಮೋಸದ್ದು. ನಿಜ ಹೇಳಿದರೆ ಅಕ್ಕ ದೂರವಾಗಬಹುದು. ಹೇಳದೆ ಹೊಸ ಹಲ್ಲು ಹಾಕಿಕೊಂಡರೆ ಆ ಸುಳ್ಳಿನ ಮೇಲೆ ಪಿಂಗಾಣಿ ಹೊದಿಸಿದ ಹಾಗಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಹಲ್ಲು ಅರೆಯುವ ದಿನ ಬಂತು. ಆ ಕೋಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗೋಡೆಗೆ ಅಂಟಿಸಿದ ಒಂದು ರಟ್ಟು. ಅದರ ಮೇಲೆ ಅಕ್ಕನ ದುಂಡು ಅಕ್ಷರದಲ್ಲಿ, ‘ಮೊದಲು ಬಣ್ಣ, ಆಮೇಲೆ ಬಾಯಿ’ ಎಂದಿದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅಕ್ಕ ಮೊದಲ ದಿನವೇ ಬಾಯಿಪಾಠ ಮಾಡಿಸುವ ಮಾತು ಅದು. ರೋಗಿ ಬಂದು ಕೂತ ಕೂಡಲೇ, ಸೂಜಿಗಿಂತ ಮೊದಲು, ಹತ್ತಿ ಇಡುವುದಕ್ಕಿಂತ ಮೊದಲು, ಕಿಟಕಿಯ ಬೆಳಕಿನಲ್ಲಿ ಹಲ್ಲಿನ ಬಣ್ಣ ಗುರುತು ಮಾಡಿಕೊಳ್ಳಬೇಕು. ಬಾಯಿ ಬಹಳ ಹೊತ್ತು ತೆರೆದಿದ್ದರೆ ಹಲ್ಲು ಒಣಗುತ್ತದೆ. ಒಣಗಿದ ಹಲ್ಲು, ಒದ್ದೆ ಗೋಡೆ ಆರಿದ ಹಾಗೆ, ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆ ಬಿಳುಪನ್ನು ನಂಬಿ ಹೊಸ ಹಲ್ಲು ಮಾಡಿಸಿದರೆ, ಬಾಯಿ ಮತ್ತೆ ಒದ್ದೆಯಾದಾಗ ಹೊಸದು ಒಂದೇ ಬೇರೆ ಎದ್ದು ಕಾಣುತ್ತದೆ. ಅಕ್ಕನ ಹತ್ತಿರ ಕಡ್ಡಿಗೆ ಅಂಟಿಸಿದ ಹದಿನಾರು ಮಾದರಿ ಹಲ್ಲುಗಳ ಗೊಂಚಲು ಇತ್ತು. ಅದನ್ನು ಬಾಯಿಯ ಪಕ್ಕ ಹಿಡಿದು ಅವಳೊಂದು ಚೀಟಿಯಲ್ಲಿ ಬರೆಯುವುದು, ಡಾಕ್ಟರಮ್ಮ ನೋಡಿ ಇನ್ನೊಂದರಲ್ಲಿ ಬರೆಯುವುದು, ಎರಡೂ ತಾಳೆಯಾದರೆ ಮುಂದಿನ ಕೆಲಸ. ಇದು ಅಲ್ಲಿನ ಕ್ರಮ.

ಆ ದಿನ ತಂಗಿ ಕುರ್ಚಿಯಲ್ಲಿ ಒರಗಿದವಳೇ ಸೂಜಿಯ ತಟ್ಟೆ ನೋಡಿ ಅಕ್ಕನ ಎಡಗೈ ಗಬಕ್ಕನೆ ಹಿಡಿದುಕೊಂಡಳು.

"ಕೈ ಬಿಡೆ, ಒಂದು ಕೆಲಸ ಇದೆ" ಅಂದಳು ಅಕ್ಕ.

"ಬಿಡಲ್ಲ. ಬಿಟ್ರೆ ಎದ್ದು ಓಡಿಹೋಗ್ತೀನಿ, ಆಮೇಲೆ ನನ್ನ ಕೇಳ್ಬೇಡ."

"ಐದು ನಿಮಿಷ ಕಣೆ."

"ಐದು ಸೆಕೆಂಡೂ ಇಲ್ಲ."

ಪಕ್ಕದ ಕೋಣೆಯಲ್ಲಿ ಒಂದು ಮಗು ಕಿರುಚುತ್ತಿತ್ತು. ಡಾಕ್ಟರಮ್ಮ ಅಲ್ಲಿಗೂ ಇಲ್ಲಿಗೂ ಓಡಾಡುತ್ತಿದ್ದರು. ಅವರು ಬಂದವರೇ, "ಸಿಸ್ಟರ್, ನಿಮ್ಮ ತಂಗಿ ಮನಸ್ಸು ಬದಲಾಯಿಸೋದ್ರೊಳಗೆ ಚುಚ್ಚಿಬಿಡೋಣ" ಎಂದು ನಕ್ಕು ಸೂಜಿ ಹಾಕಿಯೇಬಿಟ್ಟರು. ಆಮೇಲಿನ ಒಂದೂವರೆ ಗಂಟೆ ತಂಗಿಗೆ ನೆನಪಿರುವುದು ಛಾವಣಿಯ ದೀಪ, ಅರೆಯುವ ಯಂತ್ರದ ಸದ್ದು, ತನ್ನ ಬೆರಳುಗಳೊಳಗೆ ಬೆವರಿದ ಅಕ್ಕನ ಕೈ. ಅಚ್ಚು ತೆಗೆದುಕೊಂಡು, ಪ್ಲಾಸ್ಟಿಕ್ಕಿನ ತಾತ್ಕಾಲಿಕ ಹಲ್ಲು ಕೂರಿಸಿದ ಮೇಲೆ ಅವಳು ಕೈ ಬಿಟ್ಟಳು. ಆಗ ಅಕ್ಕ ಗೊಂಚಲು ತಂದು, ಅವಸರದಲ್ಲಿ ಒಂದೊಂದೇ ಮಾದರಿಯನ್ನು ಅಕ್ಕಪಕ್ಕದ ಹಲ್ಲಿನ ಹತ್ತಿರ ಹಿಡಿದು ಚೀಟಿ ಬರೆದಳು. "ಬಣ್ಣ ಆಯ್ತಾ ಸಿಸ್ಟರ್?" ಎಂದು ಡಾಕ್ಟರಮ್ಮ ಪಕ್ಕದ ಕೋಣೆಯಿಂದಲೇ ಕೂಗಿದರು. ಅಕ್ಕ ಒಂದು ಗಳಿಗೆ ತಡೆದು, "ಹ್ಞೂಂ" ಅಂದಳು.

ಹಲ್ಲು ತಯಾರಾಗಲು ಎರಡು ವಾರ. ತಯಾರಿಸುವವರು ಊರಾಚೆಯ ಲ್ಯಾಬಿನ ಮುದುಕರು. ಪಿಂಗಾಣಿಯ ಪುಡಿ ಕಲಸಿ, ಕುಂಚದಿಂದ ಪದರ ಪದರವಾಗಿ ಹಚ್ಚಿ, ಕುಲುಮೆಯಲ್ಲಿ ಸುಟ್ಟು ಹಲ್ಲು ಮಾಡುವ ಅವರನ್ನು ಆಸ್ಪತ್ರೆಯವರೆಲ್ಲ ಪಿಂಗಾಣಿ ಮಾಮ ಎಂದು ಕರೆಯುತ್ತಾರೆ. ಆ ಎರಡು ವಾರ ತಂಗಿ ಪ್ಲಾಸ್ಟಿಕ್ ಹಲ್ಲಿನಲ್ಲೇ ಓಡಾಡಿದಳು. ಅಕ್ಕ ದಿನವೂ ಫೋನು ಮಾಡಿ "ಗಟ್ಟಿ ಪದಾರ್ಥ ಕಚ್ಚಬೇಡ" ಅನ್ನುತ್ತಿದ್ದಳು. ತಂಗಿ ದಿನವೂ ಇವತ್ತು ಹೇಳಿಬಿಡಬೇಕು ಅಂದುಕೊಂಡು, "ಆಯ್ತಕ್ಕ" ಅಂದು ಇಟ್ಟುಬಿಡುತ್ತಿದ್ದಳು.

ಹಲ್ಲು ಬಂದವು. ಹತ್ತಿಯ ಮೇಲೆ ಮಲಗಿಸಿದ್ದ ಎರಡು ಚೂರು, ಒಂದು ದಪ್ಪ, ಒಂದು ತೆಳುವು. ಡಾಕ್ಟರಮ್ಮ ಅವನ್ನು ಅಂಟಿಸುವ ಮೊದಲು ಪರೀಕ್ಷೆಗೆಂದು ಮಾತ್ರ ನೀರುನೀರಾದ ಪೇಸ್ಟಿನಿಂದ ಕೂರಿಸಿ, ಕನ್ನಡಿ ಕೊಟ್ಟು, "ಮಾತಾಡ್ಬೇಡಿ, ನಗಬೇಡಿ. ಬಿದ್ದುಹೋಗುತ್ತೆ" ಅಂದರು.

ಕುರ್ಚಿಯ ದೀಪದ ಕೆಳಗೆ ಎಲ್ಲವೂ ಚೆನ್ನಾಗಿಯೇ ಕಂಡಿತು. ಆದರೆ ತಂಗಿ ದೀಪಗಳ ಜೊತೆ ಇಪ್ಪತ್ತೈದು ವರ್ಷ ಏಗಿದವಳು. ದೀಪ ಹೇಗೆ ಮುಖಸ್ತುತಿ ಮಾಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಕಿಟಕಿಗೆ ಹೋದಳು, ತುಟಿ ಒದ್ದೆ ಮಾಡಿಕೊಂಡು ಕನ್ನಡಿ ನೋಡಿದಳು. ಆಕಾರಕ್ಕೆ ಹೆಸರಿಡುವಂತಿರಲಿಲ್ಲ, ಅಂಚಿನ ಸಣ್ಣ ಸವೆತವನ್ನೂ ಮಾಮ ಬಿಟ್ಟಿರಲಿಲ್ಲ. ಬಣ್ಣ ಮಾತ್ರ ಅವಳದಲ್ಲ. ಉಳಿದ ಹಲ್ಲುಗಳು ನಲವತ್ತೆಂಟು ವರ್ಷ ಕಾಫಿ ಟೀ ಕುಡಿದವು, ನಡುವಿನ ಇವೆರಡು ನಿನ್ನೆ ಸುಣ್ಣ ಬಳಿಸಿಕೊಂಡು ಬಂದವು.

ಡಾಕ್ಟರಮ್ಮನೂ ಕಿಟಕಿಯ ಹತ್ತಿರ ಬಂದು ನೋಡಿದರು. ಫೈಲು ತೆರೆದರು. ಎರಡು ಚೀಟಿ ಇರಬೇಕಾದ ಜಾಗದಲ್ಲಿ ಒಂದೇ ಇತ್ತು.

"ಸಿಸ್ಟರ್, ಇದನ್ನ ಯಾವಾಗ ನೋಡಿದ್ರಿ?"

ಅಕ್ಕ ಗೋಡೆಯ ರಟ್ಟಿನ ಕಡೆ ನೋಡಲಿಲ್ಲ. ನೆಲ ನೋಡಿಕೊಂಡು, "ಎಲ್ಲ ಮುಗಿದ ಮೇಲೆ ಡಾಕ್ಟ್ರೇ. ಹಲ್ಲು ಒಣಗಿತ್ತು. ನಂಗೆ ಗೊತ್ತಿತ್ತು, ಆದ್ರೂ ಪರವಾಗಿಲ್ಲ ಅಂದುಕೊಂಡೆ. ಮಾಮ ಕೂಡ ಫೋನ್ ಮಾಡಿ ಕೇಳಿದ್ರು, ನಲವತ್ತೆಂಟರ ಬಾಯಿಗೆ ಹದಿನೆಂಟರ ಬಣ್ಣ ಯಾಕಮ್ಮ ಅಂತ. ಬರೆದಿದ್ದನ್ನ ಮಾಡಿ ಅಂದೆ. ತಪ್ಪು ನಂದೇ" ಅಂದಳು.

ಡಾಕ್ಟರಮ್ಮ ಬೈಯಲಿಲ್ಲ. "ಅಂಟಿಸಿಲ್ವಲ್ಲ, ಬಿಡಿ. ಮಾಮನ ಹತ್ರ ಮಾತಾಡ್ತೀನಿ. ಇನ್ನೆರಡು ವಾರ ಅಷ್ಟೆ" ಎಂದು ಹೊರಗೆ ಹೋದರು. ಬೈದಿದ್ದರೇ ಅಕ್ಕನಿಗೆ ಹಗುರವಾಗುತ್ತಿತ್ತೇನೋ.

ಕೋಣೆಯಲ್ಲಿ ಇಬ್ಬರೇ ಉಳಿದರು. ತಂಗಿಗೆ ಹಳೆಯ ಚಟ. ನಾಲಿಗೆಯ ತುದಿಗೆ ಬಂದದ್ದು ತಡೆಯಲಿಲ್ಲ.

"ಅವತ್ತು ಕಪ್ಪು ಮಾಡ್ದೆ, ಇವತ್ತು ಸುಣ್ಣ ಹೊಡೆಸಿದೆ. ನಿಂಗೂ ನನ್ನ ಬಾಯಿಗೂ ಯಾವ ಜನ್ಮದ ದ್ವೇಷ ಅಕ್ಕ?"

ಎಂದಿನ ಹಾಗೆ ಅಕ್ಕ ತಿರುಗಿ ಒಂದು ಮಾತು ಬಿಡುತ್ತಾಳೆ, ಇಬ್ಬರೂ ನಗುತ್ತಾರೆ, ಅಷ್ಟರ ಬದಲಿಗೆ ಒಂದು ಕೊಡೆಯೋ ಕುರ್ಚಿಯೋ ಸಿಗುತ್ತದೆ ಎಂದುಕೊಂಡಿದ್ದಳು. ಆದರೆ ಅಕ್ಕ ಟ್ರೇಯ ಮೇಲಿನ ಹತ್ತಿಯನ್ನು ಸುಮ್ಮನೆ ಸರಿಮಾಡುತ್ತ ನಿಂತಳು. ಕಣ್ಣೀರು ಮಾಸ್ಕಿನ ಅಂಚಿಗೆ ಇಳಿಯುತ್ತಿತ್ತು.

"ಇಷ್ಟು ವರ್ಷಕ್ಕೆ ಒಂದ್ಸಲ ಬಂದೆ ಕಣೆ" ಅಂದಳು. "ಊರಿನವರದ್ದೆಲ್ಲ ಸರಿಮಾಡ್ತೀನಿ. ನಿಂದೊಂದು ಕೆಡಿಸ್ಬಿಟ್ಟೆ."

ತಂಗಿ ಗೋಡೆಯ ರಟ್ಟಿನ ಕಡೆ ನೋಡಿದಳು. ಹಲ್ಲು ಅರೆದ ದಿನದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಕೈ ಬಿಡೆ, ಒಂದು ಕೆಲಸ ಇದೆ. ಬಿಡಲ್ಲ. ಐದು ನಿಮಿಷ ಕಣೆ. ಐದು ಸೆಕೆಂಡೂ ಇಲ್ಲ. ಆ ಕೆಲಸ ಇದೇ ಆಗಿತ್ತು. ಮೊದಲು ನೋಡಬೇಕಾದ ಬಣ್ಣವನ್ನು ಅಕ್ಕ ಮೊದಲು ನೋಡಲಾಗದೆ ಹೋದದ್ದು ತಂಗಿ ಕೈ ಬಿಡದೆ ಹೋದದ್ದರಿಂದ. ಅಷ್ಟನ್ನು ಅಕ್ಕ ಡಾಕ್ಟರಮ್ಮನ ಮುಂದೆ ಹೇಳಬಹುದಿತ್ತು, ಒಂದೇ ಮಾತು. ಹೇಳಲಿಲ್ಲ. ತಪ್ಪು ನಂದೇ ಅಂದಳು. ಹೀಗೆ ತಂಗಿಯ ತಪ್ಪನ್ನು ತಲೆಗೆ ಕಟ್ಟಿಕೊಳ್ಳುವುದು ಅಕ್ಕನಿಗೆ ಇದೇ ಮೊದಲ ಸಲ ಅಲ್ಲ ಎಂದು ತಂಗಿಗೆ ಆಗ ಅನ್ನಿಸಿತು. ಇನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

"ಅಕ್ಕ, ಇಲ್ನೋಡು. ಇವತ್ತಿಂದು ನಿನ್ನ ತಪ್ಪಲ್ಲ. ನಾನು ಕೈ ಹಿಡ್ಕೊಂಡೇ ಇದ್ದೆ. ಅವತ್ತಿಂದೂ ನಿನ್ನ ತಪ್ಪಲ್ಲ. ಅವತ್ತು ನಾನು ಹಿಡ್ಕೊಂಡಿರ್ಲೇ ಇಲ್ಲ."

"ಮಾತಾಡ್ಬೇಡ, ಹಲ್ಲು ಬೀಳುತ್ತೆ."

"ಬೀಳ್ಲಿ! ಆ ಹಲಗೆ ಮೇಲೆ ನಾನು ಎರಡೂ ಕೈ ಬಿಟ್ಟಿದ್ದೆ. ಜಾರುಬಂಡೆ ಮಕ್ಕಳಿಗೆ ತೋರ್ಸೋಕೆ. ಹಿಡ್ಕೊಂಡಿದ್ರೆ ಏನೂ ಆಗ್ತಿರ್ಲಿಲ್ಲ. ನೀನು ಇಳಿದಿದ್ದಕ್ಕಲ್ಲ, ನಾನು ಹಕ್ಕಿ ಆಗಿದ್ದಕ್ಕೆ. ನಲವತ್ತು ವರ್ಷ ನಿನ್ನ ಹತ್ರ ಎಲ್ಲ ಕಿತ್ಕೊಂಡೆ, ಎಲ್ಲ ಸುಳ್ಳು ಹೇಳಿ..."

ಇಲ್ಲಿ ಮಾತು ನಿಂತಿತು. ತೆಳುವಿನ ಹೊದಿಕೆ ಜಾರಿ ನಾಲಿಗೆಯ ಮೇಲೆ ಬಂದಿತ್ತು, ಹಿಂದೆಯೇ ಟೊಪ್ಪಿಗೆಯೂ ಅಲುಗಾಡಿತು. ಅಕ್ಕ ಅಳುತ್ತಿದ್ದವಳು ಅಳುತ್ತಲೇ ಅಂಗೈಯನ್ನು ತಂಗಿಯ ಗಲ್ಲದ ಕೆಳಗೆ ಒಡ್ಡಿದಳು, ಇಪ್ಪತ್ತೆರಡು ವರ್ಷದ ಅಭ್ಯಾಸ. ಎರಡೂ ಚೂರು ಅಲ್ಲಿಗೆ ಬಿದ್ದವು. ಅರೆದು ಮೊಂಡಾದ ಎರಡು ಹಲ್ಲಿನ ನಡುವಿನಿಂದ ಗಾಳಿ ಬಿಡುತ್ತ, ಮೂಗು ಸೊರ್ ಅನ್ನಿಸುತ್ತ, ತಂಗಿ ಅಕ್ಕನ ಮುಖ ನೋಡಿದಳು. ಈಗ ಅಕ್ಕ ಮನಸ್ಸಿನ ಬಾಗಿಲು ಹಾಕಿಕೊಳ್ಳುತ್ತಾಳೆ, ಮುಗಿಯಿತು ಅಂದುಕೊಂಡಳು.

ಅಕ್ಕ ಹಲ್ಲುಗಳನ್ನು ಜೋಪಾನವಾಗಿ ಹತ್ತಿಯ ಮೇಲಿಟ್ಟಳು. ಮಾಸ್ಕ್ ಕೆಳಗೆ ಎಳೆದು ಮೂಗು ಒರೆಸಿಕೊಂಡಳು.

"ಗೊತ್ತು" ಅಂದಳು.

"ಏನು ಗೊತ್ತು?"

"ನೀನು ಹಕ್ಕಿ ಆಗಿದ್ದು. ಅಮ್ಮ ಬೆಂಚಿನ ಮೇಲಿಂದ ನೋಡಿದ್ಲು. ನಾನು ಅಳ್ತಾ ಇದ್ದೆ ಅಂತ ಅವತ್ತು ಸಂಜೆನೇ ನಂಗೆ ಹೇಳಿದ್ಲು. ಪುಟ್ಟಿಗೆ ಹೇಳ್ಬೇಡ, ಅವಳಿಗೆ ನೋವಂತೂ ಆಗಿದೆ, ಅದರ ಮೇಲೆ ನಾಚಿಕೆ ಬೇರೆ ಯಾಕೆ ಅಂದ್ಲು."

ಅಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು. ಅಮ್ಮನೂ ಅಕ್ಕನೂ ಸೇರಿ ಇಷ್ಟು ವರ್ಷ ತುಟಿ ಪಿಟಕ್ಕೆನ್ನದೆ ಇದ್ದರು, ತಂಗಿ ತಾನೊಬ್ಬಳೇ ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡು ಮೆರೆದಿದ್ದಳು. ಅವಳಿಗೆ ಮೊದಲು ಬಂದದ್ದು ಸಿಟ್ಟು.

"ಮತ್ತೆ ಕಿಟಕಿ ಹಾಸಿಗೆ ಯಾಕೆ ಕೊಟ್ಟೆ? ಕೊಡೆ ಯಾಕೆ ಕೊಟ್ಟೆ? ಎರಡು ವರ್ಷ ನನ್ನ ಲೆಕ್ಕ ಯಾಕೆ ಮಾಡ್ಕೊಟ್ಟೆ? ಆ ಹೊಲಿಗೆ ಮಿಷನ್ ಯಾಕೆ ಕೊಟ್ಟೆ, ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಅಂತ ಗೊತ್ತಿದ್ದೂ?"

ಅಕ್ಕ ಹೇಳಬೇಕೋ ಬೇಡವೋ ಎಂದು ತೂಗುವವಳ ಹಾಗೆ ಕಿಟಕಿಯ ಕಡೆ ನೋಡಿದಳು.

"ಆ ಹಲ್ಲು ಕಪ್ಪಾದ ಮೇಲೆ ನೀನು ನಗೋದೇ ಬಿಟ್ಟೆ ಕಣೆ. ಸ್ಕೂಲಲ್ಲಿ ಬಿಟ್ಟೆ, ಅಪ್ಪನ ಮುಂದೆ ಬಿಟ್ಟೆ, ಫೋಟೋದಲ್ಲಿ ಬಿಟ್ಟೆ. ಏನಾದ್ರೂ ಕಿತ್ಕೋಬೇಕು ಅಂತ ಬಂದಾಗ ಮಾತ್ರ ನನ್ನ ಮುಂದೆ ಬಾಯಿ ತುಂಬ ನಗ್ತಿದ್ದೆ. ಅಷ್ಟು ನಗು ನೋಡೋಕೆ ಒಂದು ಹಾಸಿಗೆ ದೊಡ್ಡದಾ?"

ಹಲ್ಲಿಗೋ ತನಗೋ ಎಂದು ರಾತ್ರಿಯೆಲ್ಲ ಹೊರಳಾಡಿದ ಪ್ರಶ್ನೆಗೆ ಉತ್ತರ ಹೀಗೆ ಬರುತ್ತದೆ ಎಂದು ತಂಗಿ ಎಣಿಸಿರಲಿಲ್ಲ. ತಾನು ಹಕ್ಕುಪತ್ರ ತೋರಿಸಿ ವಸೂಲು ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ಅಕ್ಕ ಅದನ್ನು ಹಕ್ಕುಪತ್ರವೆಂದು ಓದಿಯೇ ಇರಲಿಲ್ಲ, ನಗು ನೋಡಿಕೊಂಡು ಕೂತಿದ್ದಳು. ತಂಗಿ ಹತ್ತಿರ ಹೋಗಿ ಅಕ್ಕನ ಭುಜಕ್ಕೆ ಮುಖ ಒತ್ತಿ ಅತ್ತಳು. ಮನಸಾರೆ, ಚಿಕ್ಕವಳಿದ್ದಾಗ ಅತ್ತ ಹಾಗೆ.

ಬಾಗಿಲಲ್ಲಿ ಡಾಕ್ಟರಮ್ಮ ಬಂದು ನಿಂತವರು ಗಾಬರಿಯಾದರು. "ಅಯ್ಯೋ, ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆಗಿದ್ದಕ್ಕೆ ಇಷ್ಟೊಂದು ಅಳ್ತಾರಾ? ಇನ್ನೊಂದು ಜೊತೆ ಮಾಡಿಕೊಡ್ತಾರಂತೆ, ಸುಮ್ನಿರಿ."

ಅಕ್ಕ ತಂಗಿ ಇಬ್ಬರಿಗೂ ಒಟ್ಟಿಗೆ ನಗು ಬಂತು.

ಮರುದಿನ ಬೆಳಿಗ್ಗೆ ಆಸ್ಪತ್ರೆ ತೆರೆಯುತ್ತಿದ್ದ ಹಾಗೆ ತಂಗಿ ಹಾಜರು. ಪಿಂಗಾಣಿ ಮಾಮನೂ ಖುದ್ದಾಗಿ ಬಂದಿದ್ದರು. ಬಿಳಿ ಧೂಳು ಹಿಡಿದ ಕನ್ನಡಕ, ಅಂಗಿಯ ಜೇಬಿನಲ್ಲಿ ಎರಡು ಕುಂಚ. "ಇಪ್ಪತ್ತೆರಡು ವರ್ಷದಲ್ಲಿ ಸಿಸ್ಟರ್ ಚೀಟಿ ತಪ್ಪಿದ್ದು ಇದೇ ಮೊದಲು. ಅಂಥಾ ಬಾಯಿ ಯಾವುದು ಅಂತ ನೋಡೋಣ ಅಂತ ಬಂದೆ" ಅಂದರು. ತಂಗಿಯ ತುಟಿಬಣ್ಣ ಒರೆಸಿದರು, ಹೂವಿನ ಬಟ್ಟೆ ಕಾಣದ ಹಾಗೆ ಕೊರಳಿಗೆ ಬೂದು ವಸ್ತ್ರ ಹೊದಿಸಿದರು. "ನನ್ನ ಸ್ಟುಡಿಯೋ ಪರದೆನೂ ಇದೇ ಬಣ್ಣ ಮಾಮ" ಅಂದಳು ತಂಗಿ. "ಮತ್ತೆ? ಸುತ್ತಮುತ್ತ ಗದ್ದಲ ಇದ್ರೆ ಹಲ್ಲಿನ ಬಣ್ಣ ಕೇಳಿಸಲ್ಲ" ಅಂದರು ಅವರು. ಅಕ್ಕ ಗೊಂಚಲು ಹಿಡಿದು ನಿಂತಾಗ ತಂಗಿಯ ಎರಡೂ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವು.

"ಇವತ್ತು ಸೂಜಿ ಇಲ್ಲ ಕಣೆ. ಯಾಕೆ ಹಾಗೆ ಹಿಡ್ಕೊಂಡಿದೀಯ?"

"ಈ ಸಲ ಹಿಡಿಕೆ ಬಿಡಲ್ಲ ಅಂತ" ಅಂದಳು ತಂಗಿ.

ಚೀಟಿ ಈ ಸಲ ಮೂರಾದವು, ಮೂರರಲ್ಲೂ ಒಂದೇ ಬಣ್ಣ. ಮೊದಲಿನದಕ್ಕಿಂತ ಎರಡು ಮೆಟ್ಟಿಲು ಕಂದು, ಅಂಚಿನಲ್ಲಿ ತುಸು ಹೊಗೆ ಬಣ್ಣ. ಎರಡು ವಾರದ ಮೇಲೆ ಅವು ಬಾಯಿಗೆ ಕೂತಾಗ, ಯಾವುದು ಹೊಸದು ಎಂದು ತಂಗಿಗೇ ನಾಲಿಗೆಯಲ್ಲಿ ಮುಟ್ಟಿ ಹುಡುಕಬೇಕಾಯಿತು. ಅಂಟು ಗಟ್ಟಿಯಾದ ಮೇಲೆ ಡಾಕ್ಟರಮ್ಮ, "ಈಗ ಎಷ್ಟು ಬೇಕಾದ್ರೂ ನಗಿ" ಅಂದರು. ತಂಗಿ ಡಾಕ್ಟರಮ್ಮನಿಗೆ ನಕ್ಕಳು, ಮುಂದಿನ ಸರದಿಗೆ ಕಾದಿದ್ದ ಮುದುಕನಿಗೆ ನಕ್ಕಳು, ಮೆಟ್ಟಿಲು ಗುಡಿಸುತ್ತಿದ್ದವಳಿಗೆ ನಕ್ಕಳು. ಹಿಂದೆ ಬರುತ್ತಿದ್ದ ಅಕ್ಕ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, "ಇನ್ಮೇಲೆ ಊರಿಗೆಲ್ಲ ಹಂಚ್ತೀಯ ಅನ್ನು" ಅಂದಳು. ಅದರಲ್ಲಿ ಖುಷಿಯೇ ಹೆಚ್ಚಿತ್ತು. ಒಂದು ಚೂರು ಹೊಟ್ಟೆಕಿಚ್ಚೂ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಇಬ್ಬರೂ ಸ್ಟುಡಿಯೋಗೆ ಹೋಗುವ ಬಸ್ಸು ಹತ್ತಿದರು. ಅಲ್ಲಿನ ಗೋಡೆಯ ಮೇಲೆ ತನ್ನ ಫೋಟೋಗೆಂದು ಒಂದು ಖಾಲಿ ಜಾಗ ಮಾಡಿಟ್ಟು ಬಂದಿದ್ದಳು ತಂಗಿ. ಬಸ್ಸಿನಲ್ಲಿ ಇಬ್ಬರು ಕೂರುವ ಒಂದು ಸೀಟು ಖಾಲಿ ಇತ್ತು. ತಂಗಿ ಪಕ್ಕಕ್ಕೆ ಸರಿದು ನಿಂತಳು.

"ನೀನು ಕಿಟಕಿಗೆ ಕೂತ್ಕೋ ಅಕ್ಕ."

ಜೀವಮಾನದಲ್ಲಿ ಅವಳು ಈ ಮಾತು ಹೇಳಿದ್ದು ಇದೇ ಮೊದಲು. ಅಕ್ಕ ಕೂರಲಿಲ್ಲ. ಕಂಬಿ ಹಿಡಿದು ನಿಂತು ತಂಗಿಯ ಮುಖವನ್ನೇ ನೋಡತೊಡಗಿದಳು. ಹಿಂದಿದ್ದವರು "ಮುಂದೆ ಹೋಗ್ರಮ್ಮ" ಎಂದು ಗೊಣಗಿದರು.

"ಏನಕ್ಕ? ಕೂತ್ಕೋ ಅಂದ್ನಲ್ಲ."

"ಕಿಟಕಿ ನಿಂಗೇ ಬಿಡ್ತೀನಿ" ಅಂದಳು ಅಕ್ಕ. "ಮೊದಲು ನಗು."

ತಂಗಿ ಹಲ್ಲು ಕಿರಿದಳು. ಹೊಸದು, ಹಳೆಯದು, ಇದ್ದದ್ದನ್ನೆಲ್ಲ ತೋರಿಸಿದಳು. ಅಕ್ಕ ಒಂದು ಕ್ಷಣ ನೋಡಿ, "ಸಾಕು, ಬಾಯಿ ಮುಚ್ಚು" ಎಂದು ಜಾಗ ಬಿಟ್ಟಳು. ತಂಗಿ ಕಿಟಕಿಗೆ ಕೂತಳು, ಬಸ್ಸು ಹೊರಟಿತು. ಅವಳು ಬಾಯಿ ಮುಚ್ಚಲಿಲ್ಲ.